ಯಾವ ಪುಸ್ತಕ, ಯಾವ ಮುದ್ರಣ, ಯಾವ ತೋಡಿ?

ಮಾನ್ಯ ಸಂಪಾದಕರೇ,

ಸಂಗೀತದ ಪುಸ್ತಕಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಪುಟಗಳು ಸಾಲದು, ಬಲ್ಲವರು ಕೈಜೋಡಿಸಬೇಕು ಎಂದು ನಿಮ್ಮ ಪುರವಣಿಯಲ್ಲಿ ಬಂದ ಬರಹಕ್ಕೆ ಈ ಪ್ರತಿಕ್ರಿಯೆ. ಕರೆ ಸರಿಯಾದದ್ದೇ. ಖಾತೆ ತೆರೆದು ತಿಳಿದದ್ದನ್ನು ಬರೆದರೆ ಮುಗಿಯಿತು ಎಂಬ ಅದರ ಧಾಟಿಗೆ ಮಾತ್ರ ನಮ್ಮ ತಕರಾರು. ಒಂಟಿ ಪುಸ್ತಕದ ಪುಟವಾದರೆ ಹಾಗೆ ನಡೆದೀತು. ಹಲವು ಭಾಗಗಳಲ್ಲಿ ಬಂದು, ಬೇರೆ ಭಾಷೆಗೆ ಹೋಗಿ, ಮತ್ತೆ ಮತ್ತೆ ಅಚ್ಚಾದ ಪುಸ್ತಕ ಮಾಲೆಯ ಪುಟವೆಂದರೆ ಕೈಹಾಕಿದಲ್ಲೆಲ್ಲ ಗಂಟು. ಕನ್ನಡದಲ್ಲಿ ಬರೆಯುವವರಿಗಂತೂ ಒಂದು ಗಂಟು ಹೆಚ್ಚೇ ಇದೆ. ಹಿಂದಿ, ಮರಾಠಿಯವರಿಗೆ ಅದರ ಕಾಟ ಅಷ್ಟಿಲ್ಲ.

ವಿಷ್ಣು ನಾರಾಯಣ ಭಾತಖಂಡೆಯವರ (1860–1936) 'ಕ್ರಮಿಕ ಪುಸ್ತಕ ಮಾಲಿಕಾ'ವನ್ನೇ ಇಟ್ಟುಕೊಂಡು ಹೇಳುತ್ತೇವೆ. ಹುಬ್ಬಳ್ಳಿ-ಧಾರವಾಡದ ಕಡೆ ಹಿಂದೂಸ್ತಾನಿ ಗಾಯನ ಕಲಿತವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ರಾಗದ ಲಕ್ಷಣ, ಲಕ್ಷಣಗೀತೆ, ಖ್ಯಾಲ್, ಧ್ರುಪದ್, ತರಾನಾಗಳನ್ನು ಸ್ವರಲಿಪಿಯ ಸಮೇತ ಕೊಡುವ ಆರು ಭಾಗಗಳ ಮಾಲೆ. ಮೂಲ ಮರಾಠಿ. ಇವತ್ತು ಅಂಗಡಿಯಲ್ಲಿ ಕೇಳಿದರೆ ಹೆಚ್ಚಾಗಿ ಸಿಗುವುದು ಉತ್ತರಪ್ರದೇಶದ ಹಾಥರಸದ ಸಂಗೀತ ಕಾರ್ಯಾಲಯ ತಂದ ಹಿಂದಿ ರೂಪ. (ಆ ಕಾರ್ಯಾಲಯವನ್ನು 1932ರಲ್ಲಿ ಕಟ್ಟಿದವರು ಪ್ರಭುಲಾಲ್ ಗರ್ಗ್, ಅಂದರೆ ಹಾಸ್ಯಕವಿ ಕಾಕಾ ಹಾಥರಸಿ. ನಗಿಸುವವರೇ ಇಷ್ಟು ಗಂಭೀರವಾದ ಪುಸ್ತಕಗಳನ್ನು ಉಳಿಸಿಕೊಟ್ಟರು.)

ಮೊದಲ ಗಂಟು ಎಣಿಕೆಯದು. ಮಾಲೆಯಲ್ಲಿ ನಾಲ್ಕು ಭಾಗವೋ ಆರೋ? ಎರಡೂ ಉತ್ತರ ಪುಸ್ತಕಗಳಲ್ಲಿ ಸಿಗುತ್ತವೆ, ಏಕೆಂದರೆ ಎರಡು ಬೇರೆ ಬೇರೆ ಕೃತಿಗಳಿಗೆ ಒಂದೇ ಹೆಸರು ತಗುಲಿಕೊಂಡಿದೆ. 'ಹಿಂದುಸ್ತಾನಿ ಸಂಗೀತ ಪದ್ಧತಿ' ಎಂಬುದು ಗುರುಶಿಷ್ಯರ ಸಂವಾದದ ರೂಪದಲ್ಲಿರುವ ಶಾಸ್ತ್ರಗ್ರಂಥ. ಅದು ನಾಲ್ಕು ಭಾಗ, 1910ರಿಂದ 1932ರವರೆಗೆ ಬಂದದ್ದು. ಅದರ ಹಿಂದಿ ರೂಪಕ್ಕೆ 'ಭಾತಖಂಡೆ ಸಂಗೀತಶಾಸ್ತ್ರ' ಎಂದು ಹೆಸರು. ಬಂದಿಶ್‌ಗಳು, ಅಂದರೆ ಹಾಡಿನ ರಚನೆಗಳಿರುವ ಕ್ರಮಿಕ ಮಾಲೆ ಇನ್ನೊಂದು, ಅದಕ್ಕೆ ಆರು ಭಾಗ. ಆದರೆ ಕ್ರಮಿಕದ ಮುಖಪುಟದಲ್ಲೂ 'ಹಿಂದುಸ್ತಾನಿ ಸಂಗೀತ ಪದ್ಧತಿ' ಎಂಬ ಸಾಲು ಮೇಲೆ ಇರುತ್ತದೆ. ಆ ಮೇಲಿನ ಸಾಲನ್ನೇ ಪುಸ್ತಕದ ಹೆಸರೆಂದು ಬರೆದುಕೊಂಡವರು ಶಾಸ್ತ್ರಗ್ರಂಥದ ವಿವರಗಳನ್ನು ಬಂದಿಶ್ ಪುಸ್ತಕದ ಪುಟಕ್ಕೆ ಸುರಿಯುತ್ತಾರೆ. ಆಮೇಲೆ ಬಂದ ಇನ್ನೊಬ್ಬರು 'ಆರು' ಎಂಬುದನ್ನು ಅಳಿಸಿ 'ನಾಲ್ಕು' ಎನ್ನುತ್ತಾರೆ. ಮತ್ತೊಬ್ಬರು ಅದನ್ನು ಹಿಂದಕ್ಕೆ ತಿರುಗಿಸುತ್ತಾರೆ. ಇಬ್ಬರ ಕೈಯಲ್ಲೂ ಆಧಾರವಿರುತ್ತದೆ!

ಇದಕ್ಕೆ ಮದ್ದು ಒಂದೇ. ಎರಡು ಕೃತಿಗೆ ಎರಡು ಪುಟ ಮಾಡಿ, ಪ್ರತಿ ಪುಟದ ನೆತ್ತಿಯ ಮೇಲೆ ಒಂದು ಸಾಲು ಹಾಕುವುದು: 'ಇದು ಬಂದಿಶ್‌ಗಳ ಮಾಲೆಯ ಕುರಿತ ಪುಟ. ಇದೇ ಲೇಖಕರ ಶಾಸ್ತ್ರಗ್ರಂಥಕ್ಕೆ ಇಲ್ಲಿ ನೋಡಿ.' ಬೇರೆ ಬೇರೆ ಭಾಷೆಯ ಪುಟಗಳನ್ನು ಜೋಡಿಸುವ ವಿಕಿಡೇಟಾದಲ್ಲೂ ಎರಡಕ್ಕೂ ಬೇರೆ ಬೇರೆ ನಮೂದು ಬೇಕು. ಇಲ್ಲದಿದ್ದರೆ ನಮ್ಮ ಕ್ರಮಿಕದ ಪುಟಕ್ಕೆ ಪಕ್ಕದ ಪಟ್ಟಿಯಲ್ಲಿ ಬೇರೆ ಭಾಷೆಯ ಪದ್ಧತಿಯ ಪುಟ ಜೋಡಿಯಾಗುತ್ತದೆ, ಅಲ್ಲಿಂದ ಯಾರೋ ಅನುವಾದಿಸುತ್ತಾರೆ, ಬಿಡಿಸಿದ ಗಂಟು ಮತ್ತೆ ಬೀಳುತ್ತದೆ.

ಹೆಸರಿನ ತೊಡಕು ಅಷ್ಟಕ್ಕೇ ಮುಗಿಯುವುದಿಲ್ಲ. ಭಾತಖಂಡೆಯವರು ಸಂಸ್ಕೃತದ 'ಲಕ್ಷ್ಯಸಂಗೀತ' ಎಂಬ ಗ್ರಂಥವನ್ನು 'ಚತುರ ಪಂಡಿತ' ಎಂಬ ಹೆಸರಿನಲ್ಲೂ ಮರಾಠಿ ಪದ್ಧತಿಯನ್ನು 'ವಿಷ್ಣು ಶರ್ಮಾ' ಎಂಬ ಹೆಸರಿನಲ್ಲೂ ಬರೆದರು. ವಿಷ್ಣು ಶರ್ಮಾ ಎಂದು ಕೊಂಡಿ ಹಾಕಿದರೆ ಓದುಗ ನೇರವಾಗಿ ಪಂಚತಂತ್ರದ ನರಿ, ಸಿಂಹಗಳ ನಡುವೆ ಇಳಿಯುತ್ತಾನೆ. ಇನ್ನು ಮನೆತನದ ಹೆಸರನ್ನು ಕನ್ನಡದಲ್ಲಿ ಭಾತಖಂಡೆ, ಭಾತ್ಖಂಡೆ, ಭಟಖಂಡೆ ಎಂದು ಮನಸ್ಸಿಗೆ ಬಂದಂತೆ ಬರೆಯುವುದಿದೆ. ಮರಾಠಿಯ ಬರಹಕ್ಕೆ ಹತ್ತಿರವಾದದ್ದು ಭಾತಖಂಡೆ. ಅದನ್ನು ಶೀರ್ಷಿಕೆಯಾಗಿಟ್ಟು ಉಳಿದವನ್ನು ಪುನರ್ನಿರ್ದೇಶನ ಪುಟಗಳನ್ನಾಗಿಸಿದರೆ ಹುಡುಕುವವರಿಗೆ ಸಿಗುತ್ತದೆ. ಶೀರ್ಷಿಕೆಯಲ್ಲಿ 'ಪಂ.' ಬೇಡ. ಒಳಗೆ 'ಬರೆದರು', 'ಸಂಗ್ರಹಿಸಿದರು' ಎಂಬ ಬಹುವಚನ ಇರಲಿ. ಅದು ಹೊಗಳಿಕೆಯೆಂದು ತಿದ್ದಿ 'ಬರೆದನು' ಮಾಡಿಬಿಡುವವರೂ ಉಂಟು. ಕನ್ನಡದಲ್ಲಿ ಅದು ವ್ಯಾಕರಣ, ಸ್ವಾಮಿ, ಪಕ್ಷಪಾತವಲ್ಲ.

ಎರಡನೆಯದು ಇಸವಿ. ಪುಸ್ತಕ ಕೈಯಲ್ಲಿದ್ದರೆ ಮೂರು ಪುಟಗಳನ್ನು ನೋಡಿ ಬರೆದುಕೊಳ್ಳಬೇಕು: ಮುಖಪುಟದ ಒಳಹಾಳೆ, ಅದರ ಬೆನ್ನು, ವಿಷಯಸೂಚಿ. ಒಳಹಾಳೆಯ ಬೆನ್ನಿನಲ್ಲಿ ಯಾವ ಆವೃತ್ತಿ, ಎಷ್ಟನೆಯ ಮುದ್ರಣ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಆವೃತ್ತಿ ಎಂದರೆ ಪಠ್ಯ ಬದಲಾದದ್ದು, ಮುದ್ರಣ ಎಂದರೆ ಅದೇ ಪಠ್ಯ ಮತ್ತೆ ಅಚ್ಚಾದದ್ದು. ಇವೆರಡನ್ನೂ 'ಪ್ರಕಟಣೆ' ಎಂಬ ಒಂದೇ ಬುಟ್ಟಿಗೆ ಹಾಕಿದರೆ ಕೈಯಲ್ಲಿರುವ ಮರುಮುದ್ರಣದ ಇಸವಿಯೇ ಗ್ರಂಥದ ಇಸವಿಯಾಗಿ ಕೂರುತ್ತದೆ, 1936ರಲ್ಲಿ ತೀರಿಕೊಂಡವರು ಅದಾದ ಎಷ್ಟೋ ವರ್ಷಕ್ಕೆ ಪುಸ್ತಕ ಬರೆದಂತಾಗುತ್ತದೆ. ಹಳೆಯ ಮರಾಠಿ ಪ್ರತಿಯಾದರೆ ಶಕವರ್ಷ ಅಚ್ಚಾಗಿರುವ ಸಾಧ್ಯತೆ ಇದೆ. ಶಕಕ್ಕೆ 78 ಕೂಡಿಸಬೇಕು. ತಿಂಗಳು ಜನವರಿಯಿಂದ ಯುಗಾದಿಯ ನಡುವಿನದಾದರೆ 79. ಹಿಂದಿ ಪುಸ್ತಕದಲ್ಲಿ ವಿಕ್ರಮ ಸಂವತ್ತು ಕಂಡರೆ 57 ಕಳೆಯಬೇಕು. ಮಾಹಿತಿಪೆಟ್ಟಿಗೆಯಲ್ಲಿ ಮೂಲದ ಇಸವಿ ಒಂದು ಸಾಲಿನಲ್ಲಿ, ನೀವು ನೋಡಿದ ಪ್ರತಿಯ ಇಸವಿ ಉಲ್ಲೇಖದಲ್ಲಿ. ಎರಡೂ ಒಂದೇ ಕಡೆ ಕೂರಬಾರದು.

ಐಎಸ್‌ಬಿಎನ್ ಖಾನೆ ಖಾಲಿ ಬಿದ್ದಿದೆಯೆಂದು ಎಲ್ಲಿಂದಲೋ ಸಂಖ್ಯೆ ತಂದು ತುಂಬುವವರಿದ್ದಾರೆ. ಆ ವ್ಯವಸ್ಥೆ ಅಂತರರಾಷ್ಟ್ರೀಯ ಮಾನಕವಾದದ್ದೇ 1970ರಲ್ಲಿ. ಭಾತಖಂಡೆಯವರ ಕಾಲದ ಮುದ್ರಣಕ್ಕೆ ಅದು ಇರುವುದಕ್ಕೆ ಸಾಧ್ಯವೇ ಇಲ್ಲ. ಹೊಸ ಮುದ್ರಣಕ್ಕಿದ್ದರೆ ಆ ಮುದ್ರಣದ ಉಲ್ಲೇಖಕ್ಕೆ ಮಾತ್ರ ಸೇರಿಸಬೇಕು. ಜೊತೆಗೆ ಬಹುಭಾಗದ ಪುಸ್ತಕಗಳಿಗೆ ಇಡೀ ಕಟ್ಟಿಗೊಂದು, ಭಾಗಕ್ಕೊಂದು ಎಂದು ಸಂಖ್ಯೆಗಳಿರಬಹುದು. ಕಟ್ಟಿನ ಸಂಖ್ಯೆಯನ್ನು ಮೂರನೆಯ ಭಾಗಕ್ಕೆ ಅಂಟಿಸಿದರೆ ಹುಡುಕಿದವರು ದಾರಿ ತಪ್ಪುತ್ತಾರೆ.

ಪುಟಸಂಖ್ಯೆಯನ್ನೂ ನಂಬುವ ಹಾಗಿಲ್ಲ. ಮುದ್ರಣದಿಂದ ಮುದ್ರಣಕ್ಕೆ ಅದು ಸರಿಯುತ್ತದೆ. ಆದ್ದರಿಂದ 'ಭಾಗ 3, ರಾಗ ಬಾಗೇಶ್ರೀ, ರಾಗವಿವರಣೆ, ಪುಟ ಇಷ್ಟು, ಹಿಂದಿ ಆವೃತ್ತಿ' ಎಂದು ಕೊಡಬೇಕು. ಪುಟ ತಪ್ಪಿದರೂ ರಾಗದ ಹೆಸರು ಹಿಡಿದು ಬೇರೆ ಪ್ರತಿ ಇರುವವರು ಅಲ್ಲಿಗೆ ತಲುಪುತ್ತಾರೆ.

ಭಾಗಗಳ ಒಳಗೇನಿದೆ ಎಂಬ ಪಟ್ಟಿಯೇ ಈ ಪುಟದ ಜೀವ. ಇದನ್ನು ಬಿಟ್ಟು 'ಭಾರತೀಯ ಸಂಗೀತಕ್ಕೆ ಅಮೂಲ್ಯ ಕೊಡುಗೆ' ಎಂದು ಎರಡು ಪ್ಯಾರಾ ಬರೆದರೆ ಯಾರಿಗೂ ಉಪಯೋಗವಿಲ್ಲ. ಮೊದಲ ಭಾಗ ಆರಂಭದ ಕಲಿಕೆಗೆ. ಎರಡನೆಯದರಲ್ಲಿ ಹತ್ತು ಥಾಟ್‌ಗಳ (ರಾಗಗಳನ್ನು ಗುಂಪು ಮಾಡುವ ಸ್ವರಕ್ರಮಗಳ) ಹತ್ತು ಆಶ್ರಯರಾಗಗಳು, ಅಂದರೆ ಆಯಾ ಗುಂಪನ್ನು ಪ್ರತಿನಿಧಿಸುವ ರಾಗಗಳು: ಯಮನ್, ಬಿಲಾವಲ್, ಖಮಾಜ್, ಭೈರವ್, ಪೂರ್ವಿ, ಮಾರ್ವಾ, ಕಾಫಿ, ಆಸಾವರಿ, ಭೈರವಿ, ತೋಡಿ. ಮೂರನೆಯದರಲ್ಲಿ ಹದಿನೈದು: ಭೂಪಾಲಿ, ಹಮೀರ್, ಕೇದಾರ್, ಬಿಹಾಗ್, ದೇಸ್, ತಿಲಕ್ ಕಾಮೋದ್, ಕಾಲಿಂಗಡಾ, ಶ್ರೀ, ಸೋಹನಿ, ಬಾಗೇಶ್ರೀ, ವೃಂದಾವನಿ ಸಾರಂಗ್, ಭೀಮ್‌ಪಲಾಸಿ, ಪೀಲೂ, ಜೌನ್‌ಪುರಿ, ಮಾಲಕಂಸ್. ನಾಲ್ಕನೆಯದರಲ್ಲಿ ಇಪ್ಪತ್ತು, ಶುದ್ಧ ಕಲ್ಯಾಣ್, ಛಾಯಾನಟ್‌ನಿಂದ ದರಬಾರಿ ಕಾನಡಾ, ಅಡಾಣಾ, ಮುಲ್ತಾನಿಯವರೆಗೆ. ಐದು, ಆರನೆಯ ಭಾಗಗಳು ಅಪರೂಪದ ರಾಗಗಳತ್ತ ಹೋಗುತ್ತವೆ. ಎರಡು, ಮೂರು, ನಾಲ್ಕನೆಯ ಭಾಗ ಸೇರಿ ನಲವತ್ತೈದು ರಾಗ. ನೀವು ಮಾಡಿದ ಪಟ್ಟಿಯನ್ನು ಎಣಿಸಿದಾಗ ನಲವತ್ತನಾಲ್ಕೋ ನಲವತ್ತಾರೋ ಬಂದರೆ ಎಲ್ಲೋ ಒಂದು ಕೈತಪ್ಪಿದೆ. 'ತಿಲಕ್' ಬೇರೆ, 'ಕಾಮೋದ್' ಬೇರೆ ಎಂದು ಒಡೆದುಹೋಗುವುದು ಮಾಮೂಲು. ಕಾಮೋದ್ ನಿಜವಾಗಿ ನಾಲ್ಕನೆಯ ಭಾಗದಲ್ಲಿ ಇರುವುದರಿಂದ ತಪ್ಪು ಗೊತ್ತೂ ಆಗುವುದಿಲ್ಲ.

ಈಗ ಕನ್ನಡಿಗರ ಪಾಲಿಗೇ ಮೀಸಲಾದ ಗಂಟಿಗೆ ಬರೋಣ. ಮೇಲಿನ ಹೆಸರುಗಳಿಗೆ ಎರಡೆರಡು ಚೌಕಾವರಣ ಹಾಕಿ ಕೊಂಡಿ ಮಾಡಿದಿರಿ ಎನ್ನಿ. ಕಾಫಿ ಒತ್ತಿದವರು ಚಿಕ್ಕಮಗಳೂರಿನ ತೋಟಕ್ಕೆ ಹೋಗುತ್ತಾರೆ. ವಸಂತ ಒತ್ತಿದರೆ ಋತು, ದೇಶ ಎಂದು ಬರೆದು ಒತ್ತಿದರೆ ರಾಷ್ಟ್ರ, ಕಲ್ಯಾಣ ಒತ್ತಿದರೆ ಬಸವಣ್ಣನವರ ಊರಿನ ಕಡೆಗೆ ದಾರಿ. ಇವೆಲ್ಲ ನಗಿಸುವ ತಪ್ಪುಗಳು, ಕಂಡ ಕೂಡಲೇ ಯಾರಾದರೂ ತಿದ್ದುತ್ತಾರೆ. ನಗು ಬರಿಸದ ತಪ್ಪುಗಳೇ ಅಪಾಯದವು: ರಾಗದ ಹೆಸರನ್ನು ಒತ್ತಿದಾಗ ರಾಗದ ಪುಟವೇ ತೆರೆದುಕೊಳ್ಳುತ್ತದೆ, ಆದರೆ ಅದು ಕರ್ನಾಟಕ ಸಂಗೀತದ್ದಾಗಿರುತ್ತದೆ.

ಕರ್ನಾಟಕ ಪದ್ಧತಿಯ ತೋಡಿ ಎಂದರೆ ಅಲ್ಲಿನ 72 ಮೇಳಗಳಲ್ಲಿ (ಮೂಲ ಸ್ವರಕ್ರಮಗಳಲ್ಲಿ) ಎಂಟನೆಯದಾದ ಹನುಮತೋಡಿ. ಅದರ ಸ್ವರಗಳು ಹಿಂದೂಸ್ತಾನಿಯ ಭೈರವಿ ಥಾಟ್‌ನವು. ಹಿಂದೂಸ್ತಾನಿ ತೋಡಿ ಥಾಟ್ ಹೊಂದುವುದು 45ನೆಯ ಮೇಳ ಶುಭಪಂತುವರಾಳಿಗೆ. ಕರ್ನಾಟಕದ ಭೈರವಿ 20ನೆಯ ಮೇಳ ನಠಭೈರವಿಯ ಜನ್ಯ. ಆ ಮೇಳದ ಸ್ವರಗಳು ಹಿಂದೂಸ್ತಾನಿಯ ಆಸಾವರಿ ಥಾಟ್‌ನವು. ಕರ್ನಾಟಕದ ಅಸಾವೇರಿಯೋ ಮತ್ತೆ ಎಂಟನೆಯ ಮೇಳದ ಮಗು. ಮೂರು ಹೆಸರೂ ಎರಡೂ ಪದ್ಧತಿಯಲ್ಲಿವೆ, ಒಂದೂ ಒಂದೇ ಮನೆಯಲ್ಲಿಲ್ಲ. ಶ್ರೀರಾಗ ನಮ್ಮಲ್ಲಿ 22ನೆಯ ಮೇಳದ್ದು. ಭಾತಖಂಡೆಯವರ ಮೂರನೆಯ ಭಾಗದ ಶ್ರೀ ಪೂರ್ವಿ ಥಾಟ್‌ನದು, ಕೋಮಲ (ಇಳಿಸಿದ) ರಿಷಭ, ತೀವ್ರ (ಏರಿಸಿದ) ಮಧ್ಯಮದ ಸಂಧ್ಯಾರಾಗ. ನಾಲ್ಕನೆಯ ಭಾಗದ ಹಿಂದೋಲ್ ಕಲ್ಯಾಣ್ ಥಾಟ್‌ಗೆ ಸೇರಿದರೆ, ನಮ್ಮ ಹಿಂದೋಳದ ಸ್ವರಗಳು ಮೂರನೆಯ ಭಾಗದ ಮಾಲಕಂಸ್‌ನಲ್ಲಿ ಸಿಗುತ್ತವೆ. ಭೂಪಾಲಿಗೆ ಹತ್ತಿರವಾದದ್ದು ಮೋಹನ. ಭೂಪಾಳ ಎಂದು ಕೊಂಡಿ ಕೊಟ್ಟರೆ ರಿಷಭ, ಗಾಂಧಾರ, ಧೈವತ ಮೂರೂ ಕೋಮಲವಾದ ಬೆಳಗಿನ ರಾಗಕ್ಕೆ ಹೋಗಿ ಬೀಳುತ್ತೇವೆ. ಸಂಜೆಯ ನಂತರದ ರಾಗವನ್ನು ಕಲಿಯುವ ವಿದ್ಯಾರ್ಥಿ ಅಲ್ಲಿನ ಆರೋಹಣ ಅವರೋಹಣವನ್ನು ಬರೆದುಕೊಂಡು ಹೋದರೆ ಪರೀಕ್ಷೆಯಲ್ಲಿ ಗತಿಯೇನು?

ಕೊಂಡಿಯನ್ನು ಹೀಗೆ ಬರೆಯಿರಿ: [[ತೋಡಿ (ಹಿಂದೂಸ್ತಾನಿ)|ತೋಡಿ]]. ಗೆರೆಯ ಎಡಕ್ಕಿರುವುದು ಪುಟದ ನಿಜವಾದ ಹೆಸರು, ಬಲಕ್ಕಿರುವುದು ಓದುಗನಿಗೆ ಕಾಣುವುದು. ಆ ಹೆಸರಿನ ಪುಟ ಇನ್ನೂ ಇಲ್ಲದಿದ್ದರೆ ಕೊಂಡಿ ಕೆಂಪಾಗಿ ಕಾಣುತ್ತದೆ. ಕಾಣಲಿ. ಕೆಂಪು ಕೊಂಡಿ ಎಂದರೆ 'ಈ ಪುಟ ಬರೆಯಬೇಕಾಗಿದೆ' ಎಂಬ ಸೂಚನೆ. ಅದನ್ನು ನೀಲಿ ಮಾಡುವ ಆತುರಕ್ಕೆ ಕರ್ನಾಟಕದ ತೋಡಿಗೆ ಜೋಡಿಸುವುದಕ್ಕಿಂತ ಕೆಂಪೇ ಮೇಲು. ಎರಡೂ ಪುಟಗಳಿದ್ದರೆ ನಡುವೆ ಒಂದು ದ್ವಂದ್ವ ನಿವಾರಣೆ ಪುಟ ಇರಬೇಕು. ಥಾಟ್ ಮತ್ತು ರಾಗಕ್ಕೂ ಇದೇ ಎಚ್ಚರ. ಹತ್ತರಲ್ಲಿ ಒಂಬತ್ತು ಥಾಟ್‌ಗಳಿಗೆ ಅವುಗಳ ಆಶ್ರಯರಾಗದ ಹೆಸರೇ ಇದೆ. ಕಲ್ಯಾಣ್ ಥಾಟ್‌ಗೆ ಮಾತ್ರ ಯಮನ್.

ಈ ಹೋಲಿಕೆಗಳನ್ನು ಪುಟದಲ್ಲಿ ಕೊಡುವುದೂ ನ್ಯಾಯವೇ, ಏಕೆಂದರೆ ಸಂಬಂಧ ಕಲ್ಪಿತವಲ್ಲ. ಭಾತಖಂಡೆಯವರು 1904ರಲ್ಲಿ ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತದ ವಿದ್ವಾಂಸರಾದ ಎಟ್ಟಯಪುರದ ಸುಬ್ಬರಾಮ ದೀಕ್ಷಿತರನ್ನು ಕಂಡರು. ವೆಂಕಟಮಖಿಯ 'ಚತುರ್ದಂಡಿಪ್ರಕಾಶಿಕೆ' ಎಂಬ ಸಂಗೀತಗ್ರಂಥದ 72 ಮೇಳಗಳ ಲೆಕ್ಕ ಅವರ ಹತ್ತು ಥಾಟ್‌ಗಳ ಯೋಚನೆಯ ಹಿಂದಿದೆ. ವೆಂಕಟಮಖಿಯ ತಂದೆ, ತಂಜಾವೂರಿನ ಅರಸರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡಿಗರು. ಇದನ್ನು ಒಂದು ವಾಕ್ಯದಲ್ಲಿ, ಉಲ್ಲೇಖದ ಜೊತೆ ಬರೆದರೆ ಸಾಕು. 'ಹಿಂದೂಸ್ತಾನಿ ಸಂಗೀತದ ಮೂಲ ಕನ್ನಡನಾಡು' ಎಂಬ ಮಟ್ಟಕ್ಕೆ ಎಳೆದರೆ ಮಾರನೆಯ ದಿನ ಅಳಿಸಿಹೋಗುತ್ತದೆ, ಅಳಿಸಿದವರದೇ ಸರಿ.

ಸ್ವರಲಿಪಿಯ ವಿಚಾರ ಇನ್ನೂ ಸೂಕ್ಷ್ಮ. ಭಾತಖಂಡೆ ಪದ್ಧತಿಯಲ್ಲಿ ಶುದ್ಧ ಸ್ವರಕ್ಕೆ ಗುರುತಿಲ್ಲ. ಕೋಮಲಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೆ ನೆಟ್ಟಗೆರೆ, ಮಂದ್ರಕ್ಕೆ (ಕೆಳಗಿನ ಸಪ್ತಕಕ್ಕೆ) ಕೆಳಗೆ ಚುಕ್ಕೆ, ತಾರಕ್ಕೆ (ಮೇಲಿನ ಸಪ್ತಕಕ್ಕೆ) ಮೇಲೆ ಚುಕ್ಕೆ. ಒಂದೇ ಮಾತ್ರೆಯೊಳಗೆ ಬರುವ ಸ್ವರಗಳನ್ನು ಕೆಳಗಿನಿಂದ ಒಂದು ಕಮಾನು ಕಟ್ಟುತ್ತದೆ. ತಾಳದ ಮೊದಲ ಮಾತ್ರೆಯಾದ ಸಮ್‌ಗೆ ×, ತಟ್ಟದೆ ಬಿಡುವ ಖಾಲಿಗೆ 0, ಉಳಿದ ತಾಳಿಗಳಿಗೆ (ತಟ್ಟುಗಳಿಗೆ) ಅಂಕಿ. ಆವರಣದೊಳಗೆ (ಪ) ಎಂದಿದ್ದರೆ ಧಪಮಪ ಎಂದು ಹಾಡಬೇಕು. ಇನ್ನೊಬ್ಬ ಹಿಂದೂಸ್ತಾನಿ ಸಂಗೀತಗಾರರಾದ ವಿಷ್ಣು ದಿಗಂಬರ ಪಲುಸ್ಕರರ ಪದ್ಧತಿ ಬೇರೆ. ಅಲ್ಲಿ ಮೇಲಿನ ಚುಕ್ಕೆ ಮಂದ್ರ, ಮೇಲಿನ ನೆಟ್ಟಗೆರೆ ತಾರ, ಸಮ್‌ಗೆ 1, ಖಾಲಿಗೆ +. ಅಂದರೆ ಒಂದೇ ಗುರುತು ಒಂದರಲ್ಲಿ ಮೇಲಿನ ಸಪ್ತಕ, ಇನ್ನೊಂದರಲ್ಲಿ ಕೆಳಗಿನದು. ಎರಡು ಪುಸ್ತಕಗಳಿಂದ ಅರ್ಧರ್ಧ ಎತ್ತಿ ಒಂದು ಕೋಷ್ಟಕ ಮಾಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದನ್ನು ಕನ್ನಡ ಲಿಪಿಗೆ ತರುವಾಗ ಆಗುವ ಅನಾಹುತ ಹತ್ತಿರದಿಂದ ನೋಡುವಂಥದ್ದು. ದೇವನಾಗರಿಯಲ್ಲಿ ಟೈಪು ಮಾಡುವವರು ತಾರದ ಚುಕ್ಕೆಗೆ ಅನುಸ್ವಾರವನ್ನೇ ಒತ್ತುತ್ತಾರೆ. ಅಲ್ಲಿ ಅದು ನೆತ್ತಿಯ ಮೇಲೆ ಚುಕ್ಕೆಯಾಗಿ ಕೂರುವುದರಿಂದ ನೋಡಲು ಸರಿಯಾಗಿಯೇ ಇರುತ್ತದೆ. ಆ ಸಾಲನ್ನು ಲಿಪಿ ಬದಲಾಯಿಸುವ ಸಲಕರಣೆಗೆ ಹಾಕಿದರೆ ತಾರಷಡ್ಜ 'ಸಾಂ' ಆಗುತ್ತದೆ, ತಾರ ಗಾಂಧಾರ 'ಗಂ' ಆಗುತ್ತದೆ, ಪಕ್ಕದಲ್ಲಿ ಸೊನ್ನೆ ಸಮೇತ. ಓದುವವರಿಗೆ ಇದು ಸ್ವರವೋ ಬೀಜಾಕ್ಷರವೋ ತಿಳಿಯದು. ಮಂದ್ರಕ್ಕೆ ಅವರು ನುಕ್ತಾ ಒತ್ತಿರುತ್ತಾರೆ. ಕನ್ನಡದ ನುಕ್ತಾ ಎಂದರೆ ಎರಡು ಚುಕ್ಕೆ. ಒಂದು ಚುಕ್ಕೆಯ ಮಂದ್ರ ಎರಡು ಚುಕ್ಕೆಯಾಗಿ, ಇನ್ನೂ ಒಂದು ಸಪ್ತಕ ಕೆಳಗಿಳಿದಂತೆ ಕಾಣುತ್ತದೆ.

ಕೋಮಲ, ತೀವ್ರದ ಗೆರೆಗಳಿಗೆ ನಮ್ಮಲ್ಲೇ ಉಪಾಯವಿದೆ. ವೇದಮಂತ್ರಗಳ ಅಚ್ಚಿಗೆ ಬಳಸುವ ಅನುದಾತ್ತದ ಅಡ್ಡಗೆರೆ ಮತ್ತು ಸ್ವರಿತದ ನೆಟ್ಟಗೆರೆ ಎಷ್ಟೋ ಕನ್ನಡ ಫಾಂಟ್‌ಗಳಲ್ಲಿ ಸರಿಯಾಗಿ ಕೂರುತ್ತವೆ: ಗ॒ ಎಂದರೆ ಕೋಮಲ ಗಾಂಧಾರ, ಮ॑ ಎಂದರೆ ತೀವ್ರ ಮಧ್ಯಮ. ಅಡಿಗೆರೆಯ ಟ್ಯಾಗ್‌ಗಿಂತ ಇದು ಮೇಲು. ಬೇರೆ ಕಡೆ ನಕಲು ಮಾಡಿದಾಗ ಟ್ಯಾಗ್ ಕಳಚಿ ಕೋಮಲವೆಲ್ಲ ಶುದ್ಧವಾಗಿಬಿಡುತ್ತದೆ, ಈ ಗೆರೆ ಅಕ್ಷರದ ಜೊತೆಗೇ ಹೋಗುತ್ತದೆ. ಚುಕ್ಕೆಗಳಿಗೆ ಇಂಥ ಸುಲಭ ದಾರಿಯಿಲ್ಲ. 'ರೇ', 'ನಿ'ಗಳಂಥ ಗುಣಿತಾಕ್ಷರದ ಮೇಲೆ ಚುಕ್ಕೆ ಹಾಕಿದರೆ ಒಂದು ಫೋನಿನಲ್ಲಿ ಸರಿ ಕಂಡದ್ದು ಇನ್ನೊಂದರಲ್ಲಿ ಚುಕ್ಕೆಗಳ ವೃತ್ತವಾಗಿ ಪಕ್ಕಕ್ಕೆ ಬೀಳುತ್ತದೆ. ಹಾಗಾಗಿ ಪುಟದಲ್ಲಿ ಒಂದೇ ಒಂದು ಮಾದರಿ ಸಾಲನ್ನು ಚಿತ್ರವಾಗಿ ಕೊಟ್ಟು, ಕೆಳಗೆ ಅದನ್ನು ಮಾತಿನಲ್ಲಿ ವಿವರಿಸುವುದೇ ಕ್ಷೇಮ. ಸಾಹಿತ್ಯದ ಎಳೆತಕ್ಕೆ ಕನ್ನಡದ ಅವಗ್ರಹ 'ಽ' ಇದೆ. ಅದರ ಬದಲು ಇಂಗ್ಲಿಷಿನ ಎಸ್ ಅಕ್ಷರ ಒತ್ತಬೇಡಿ.

ಕೋಷ್ಟಕದಲ್ಲಿ ಬರೆಯಲೇಬೇಕೆಂದರೆ ಇನ್ನೆರಡು ಮಾತು. ವಿಭಾಗ ಬೇರ್ಪಡಿಸುವ '|' ಗೆರೆಗೆ ವಿಕಿಯ ಕೋಷ್ಟಕದಲ್ಲಿ ಬೇರೆ ಕೆಲಸವಿದೆ. ಖಾನೆಯೊಳಗೆ ಅದನ್ನು ಹಾಗೇ ಹಾಕಿದರೆ ಗೆರೆಗೆ ಮುಂಚಿನ ಸ್ವರಗಳು ಮಾಯ. <nowiki>|</nowiki> ಎಂದು ಹಾಕಬೇಕು, ಇಲ್ಲವೇ ವಿಭಾಗಕ್ಕೊಂದು ಖಾನೆ ಮಾಡಬೇಕು, ಎರಡನೆಯದೇ ಚೆನ್ನ. ಇನ್ನೊಂದು, ಸಾಲಿನ ಮೊದಲ ಖಾನೆ ಸಮ್ ಎಂದು ಊಹಿಸಬಾರದು. ತೀನ್‌ತಾಲದಲ್ಲಿ ಹದಿನಾರು ಮಾತ್ರೆ, ನಾಲ್ಕರಂತೆ ನಾಲ್ಕು ವಿಭಾಗ. ಮಧ್ಯಲಯದ ಎಷ್ಟೋ ಬಂದಿಶ್‌ಗಳು ಒಂಬತ್ತನೆಯ ಮಾತ್ರೆಯಾದ ಖಾಲಿಯಿಂದ ಎತ್ತುಗಡೆಯಾಗುತ್ತವೆ, ಪುಸ್ತಕದಲ್ಲೂ ಸಾಲು ಅಲ್ಲಿಂದಲೇ ಶುರು: 0, 3, ×, 2. ಇದನ್ನು ×, 2, 0, 3 ಎಂದು 'ತಿದ್ದಿದವರು' ಇಡೀ ಹಾಡನ್ನು ಎಂಟು ಮಾತ್ರೆ ಪಕ್ಕಕ್ಕೆ ಸರಿಸಿರುತ್ತಾರೆ. ಮುಖಡಾದಲ್ಲಿ (ಹಾಡಿನ ಎತ್ತುಗಡೆಯ ತುಣುಕಿನಲ್ಲಿ) ಸಮ್‌ಗೆ ಬಂದು ಬೀಳಬೇಕಾದ ಅಕ್ಷರ ಖಾಲಿಯ ಮೇಲೆ ಕೂತಿರುತ್ತದೆ.

ಯಂತ್ರಾನುವಾದದ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಚಪ್ಪಟೆ ಸ್ವರ', 'ಚೂಪಾದ ಮಧ್ಯಮ', 'ಪೋಷಕ ಮಾಪಕ' ಕಂಡಲ್ಲಿ ಕೋಮಲ, ತೀವ್ರ, ಥಾಟ್ ಎಂದು ತಿದ್ದಿ ಮುಂದೆ ಹೋಗಿ.

ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಏರಿಸಿಬಿಡೋಣ ಎಂಬ ಉತ್ಸಾಹಿಗಳಿಗೆ ಒಂದು ಲೆಕ್ಕ. ಭಾರತದ ಕಾಯಿದೆಯಂತೆ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಭಾತಖಂಡೆಯವರು ಹೋದದ್ದು 1936ರ ಸೆಪ್ಟೆಂಬರಿನಲ್ಲಿ. ಆಗಿನ ಅವಧಿ 50 ವರ್ಷವಾಗಿದ್ದರಿಂದ ಅವರ ಬದುಕಿನಲ್ಲಿ ಪ್ರಕಟವಾದ ಮರಾಠಿ ಮೂಲದ ಹಕ್ಕು 1986ರ ಡಿಸೆಂಬರಿಗೇ ಮುಗಿಯಿತು. ಅವಧಿಯನ್ನು 60ಕ್ಕೆ ಏರಿಸಿದ 1992ರ ತಿದ್ದುಪಡಿ ಮುಗಿದ ಹಕ್ಕಿಗೆ ಮತ್ತೆ ಜೀವ ಕೊಡಲಿಲ್ಲ. ಲೇಖಕರ ನಂತರ ಮೊದಲ ಬಾರಿಗೆ ಅಚ್ಚಾದ ಭಾಗವಿದ್ದರೆ ಅದರ ಎಣಿಕೆ ಪ್ರಕಟಣೆಯ ಮರುವರ್ಷದಿಂದ. ಆದರೆ ಚಿತ್ರ, ಸ್ಕ್ಯಾನ್‌ಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಬೇಕಾದರೆ ಅಮೆರಿಕದಲ್ಲೂ ಹಕ್ಕು ಮುಗಿದಿರಬೇಕು. ಅಲ್ಲಿನ ಕಾಯಿದೆ 1996ರ ಜನವರಿ 1ರಂದು ತಾಯ್ನಾಡಿನಲ್ಲಿ ಹಕ್ಕು ಜೀವಂತವಿದ್ದ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷದ ರಕ್ಷಣೆ ಕೊಟ್ಟುಬಿಟ್ಟಿತು.  ಭಾತಖಂಡೆಯವರ ಬದುಕಿನಲ್ಲಿ ಬಂದ ಮೂಲದ ಹಕ್ಕು ಆ ಹೊತ್ತಿಗಾಗಲೇ ಮುಗಿದಿದ್ದರಿಂದ ಅದಕ್ಕೆ ಈ ತೊಡಕಿಲ್ಲ. ಹಾಗಾಗಿ 1932ರಲ್ಲಿ ಬಂದ ಪದ್ಧತಿಯ ನಾಲ್ಕನೆಯ ಭಾಗ ಇಲ್ಲೂ ಅಮೆರಿಕದಲ್ಲೂ ಸಾರ್ವಜನಿಕ ಆಸ್ತಿ. ಹಿಂದಿ ರೂಪದ ಕಥೆ ಬೇರೆಯೇ. ಅನುವಾದಕರಿಗೆ ತಮ್ಮದೇ ಹಕ್ಕಿದೆ, ಅವರ ಆಯುಷ್ಯದಿಂದ ಹೊಸ ಎಣಿಕೆ. ಅಂಗಡಿಯಲ್ಲಿ ಸಿಗುವ ಹಿಂದಿ ಪ್ರತಿಯನ್ನು 'ಹಳೆಯ ಪುಸ್ತಕ' ಎಂದು ಏರಿಸಿದರೆ ಅಳಿಸುತ್ತಾರೆ. ಹಕ್ಕು ಮುಗಿದಿದ್ದರೂ ಬಂದಿಶ್‌ಗಳ ಪೂರ್ತಿ ಪಠ್ಯ ವಿಶ್ವಕೋಶದ ಪುಟಕ್ಕೆ ಬೇಡ. ಅದಕ್ಕೆ ವಿಕಿಸೋರ್ಸ್ ಇದೆ.

ಇನ್ನು ಪುಟದ ಮೌಲ್ಯಮಾಪನದ ಭಾಗ. ಯಾವ ಭಾಗದಲ್ಲಿ ಎಷ್ಟು ರಾಗ ಎಂಬುದಕ್ಕೆ ಪುಸ್ತಕವೇ ಆಧಾರವಾಗಬಹುದು. ಅದು ಶ್ರೇಷ್ಠವೋ ಅಲ್ಲವೋ ಎಂಬುದಕ್ಕೆ ಪ್ರಕಾಶಕರ ಮುನ್ನುಡಿ ಆಧಾರವಾಗಲಾರದು, ಹೊರಗಿನವರು ಬರೆದದ್ದು ಬೇಕು. ಸಂಗ್ರಹದ ಹಿಂದಿದ್ದ ಉಸ್ತಾದರ ಹೆಸರುಗಳು ಬರಲೇಬೇಕು: ಜೈಪುರದ ಮನರಂಗ ಪರಂಪರೆಯ ಮುಹಮ್ಮದ್ ಅಲಿ ಖಾನ್, ಆಶಿಕ್ ಅಲಿ ಖಾನ್, ರಾಂಪುರದ ವಜೀರ್ ಖಾನ್. ಇವರ ಕಂಠದಲ್ಲಿದ್ದದ್ದು ಕಾಗದಕ್ಕೆ ಬಂದದ್ದರಿಂದಲೇ ಮಾಲೆ ಹುಟ್ಟಿತು. ಆಕ್ಷೇಪಗಳೂ ಬರಬೇಕು. ಕೋಮಲ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ ಇರುವ ಮಧುವಂತಿ ಹತ್ತರಲ್ಲಿ ಯಾವ ಥಾಟ್‌ಗೂ ಒಗ್ಗದು. ಚಾರುಕೇಶಿ, ಕೀರವಾಣಿಗಳದೂ ಅದೇ ಪಾಡು. ಆಸಾವರಿಗೆ ಶುದ್ಧ ರಿಷಭ ಇಟ್ಟದ್ದನ್ನು ಕೋಮಲ ರಿಷಭದಲ್ಲಿ ಹಾಡುವ ಧ್ರುಪದಿಯರು ಒಪ್ಪುವುದಿಲ್ಲ. ಜಾನಕಿ ಬಾಖ್ಲೆಯವರು 2005ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಭಾತಖಂಡೆ, ಪಲುಸ್ಕರರ ಯೋಜನೆಗಳಲ್ಲಿ ಮುಸ್ಲಿಂ ಕಲಾವಿದರ ಸ್ಥಾನ ಏನಾಯಿತು ಎಂದು ನಿಷ್ಠುರವಾಗಿ ಕೇಳಿದ್ದಾರೆ. ಇವನ್ನು 'ಟೀಕೆ' ಎಂಬ ಬೇರೆ ತಲೆಬರಹದ ಕೆಳಗೆ ಗುಡ್ಡೆ ಹಾಕುವ ಬದಲು ಥಾಟ್, ಸ್ವರಲಿಪಿ, ಸಂಗ್ರಹ ಎಂದು ಆಯಾ ವಿಷಯ ಬಂದಲ್ಲೇ ಸೇರಿಸಿದರೆ ಓದುವವರಿಗೆ ಹಿಡಿತ ಸಿಗುತ್ತದೆ.

ಕೆಲಸದ ಕ್ರಮವೂ ಮುಖ್ಯ. ಮೊದಲು ಪುಟದ 'ಇತಿಹಾಸ' ಮತ್ತು 'ಚರ್ಚೆ' ಓದಿ. ನಿಮ್ಮ ಕರಡನ್ನು ಪ್ರಯೋಗಪುಟದಲ್ಲಿ ಮಾಡಿ, ಮುನ್ನೋಟವನ್ನು ಫೋನಿನಲ್ಲೂ ನೋಡಿ. ಉಳಿಸುವಾಗ ಒಂದೇ ಏಟಿಗೆ ಇಡೀ ಪುಟ ಬದಲಿಸಬೇಡಿ. ರಾಗಪಟ್ಟಿ ಒಂದು ಸಲ, ಇಸವಿ ಒಂದು ಸಲ, ಕೊಂಡಿಗಳು ಒಂದು ಸಲ. ಸಾರಾಂಶದ ಖಾನೆಯಲ್ಲಿ 'ಸಣ್ಣ ಬದಲಾವಣೆ' ಎನ್ನುವ ಬದಲು 'ಭಾಗ 3ರ 15 ರಾಗ ಸೇರಿಸಿದೆ, ಹಿಂದಿ ಆವೃತ್ತಿಯ ವಿಷಯಸೂಚಿಯಿಂದ' ಎಂದು ಬರೆಯಿರಿ. ಒಂದು ಅಂಶ ತಪ್ಪಿದ್ದರೆ ಅದನ್ನಷ್ಟೇ ತಿರುಗಿಸಬಹುದು, ಉಳಿದದ್ದು ನಿಲ್ಲುತ್ತದೆ. ಜಗ್ಗಾಟವಾದರೆ ಚರ್ಚೆ ಪುಟ, ಅಲ್ಲೂ ಬಗೆಹರಿಯದಿದ್ದರೆ ಅರಳಿಕಟ್ಟೆ, ಅಂದರೆ ಕನ್ನಡ ವಿಕಿಪೀಡಿಯದ ಎಲ್ಲರ ಚರ್ಚಾಪುಟ.

ಕೊನೆಯದಾಗಿ ನಿಮ್ಮಲ್ಲೊಂದು ಕೋರಿಕೆ. ಮೇಲೆ ಹೇಳಿದ 'ಹೊರಗಿನವರು ಬರೆದದ್ದು' ಕನ್ನಡದಲ್ಲಿ ಸಿಗುವುದು ಮುಖ್ಯವಾಗಿ ಪತ್ರಿಕೆಗಳಲ್ಲಿ. ಸಂಗೀತದ ಪುಸ್ತಕದ ವಿಮರ್ಶೆಯನ್ನೋ ಅಂಕಣವನ್ನೋ ಹಾಕುವಾಗ ಯಾವ ಭಾಗ, ಯಾವ ಭಾಷೆಯ ರೂಪ, ಎಷ್ಟನೆಯ ಮುದ್ರಣ, ಪ್ರಕಾಶಕರು ಯಾರು, ಯಾವ ವರ್ಷ ಎಂಬ ಒಂದು ಸಾಲನ್ನು ಬರಹದ ಕೆಳಗೆ ಅಚ್ಚು ಮಾಡಿ. ಜಾಗದ ಅಭಾವದಲ್ಲಿ ಮೊದಲು ಕತ್ತರಿಗೆ ಸಿಗುವುದು ಅದೇ ಸಾಲು ಎಂದು ಬಲ್ಲೆವು. ಅಂತರ್ಜಾಲದ ಆವೃತ್ತಿಯಲ್ಲಾದರೂ ಅದನ್ನು ಉಳಿಸಿ, ಬರಹ ಅಚ್ಚಾದ ತಾರೀಖು ಮತ್ತು ಪುಟಸಂಖ್ಯೆಯನ್ನೂ ಸೇರಿಸಿ. ಈ ಪತ್ರವನ್ನು ಮೊಟಕು ಮಾಡುವುದಾದರೆ ಯಂತ್ರಾನುವಾದದ ಪ್ಯಾರಾ ತೆಗೆಯಬಹುದು. ತೋಡಿಯದು ಇರಲಿ.

ಇಂತಿ,
ವಿಶ್ವಕೋಶದಲ್ಲಿ ಸಂಗೀತದ ಪುಟಗಳನ್ನು ತಿದ್ದುವ ಕೆಲವರು
ಧಾರವಾಡ